ಚಿಕ್ಕಮನೆಯ ಹಾಲಿಗೆ ಬಂದ ನೀರು

ನಲ್ಲಗುಟ್ಲಹಳ್ಳಿಯ ಹಾಲಿನ ಡೇರಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿದ್ದಾರೆ. ಅದರ ನೆತ್ತಿಯಲ್ಲಿ ‘ಶುದ್ಧ ಹಾಲು, ಊರಿನ ಮಾನ’ ಎಂದು ಪೇಂಟಿನಲ್ಲಿ ಬರೆದಿದೆ. ಕೆಳಗೆ, ಸೀಮೆಸುಣ್ಣದಲ್ಲಿ, ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವರ ಹೆಸರು. ಪೇಂಟಿನ ಮಾತು ಬಿಸಿಲಿಗೆ ಚಕ್ಕೆಯೆದ್ದು ಅರ್ಧ ಹೋಗಿದೆ. ಸೀಮೆಸುಣ್ಣದ ಹೆಸರು ಮಾತ್ರ ಅಲ್ಲಾಡುವುದಿಲ್ಲ. ಸ್ವಲ್ಪ ಮಸುಕಾಯಿತು ಎನ್ನಿಸಿದರೆ ಕಾರ್ಯದರ್ಶಿ ಗೋಪಿ ಅದರ ಮೇಲೆ ಇನ್ನೊಂದು ಸಲ ತಿದ್ದುತ್ತಾನೆ. ಅವನ ಅಕ್ಷರ ದುಂಡಗಿದೆ ಎಂದು ಸುತ್ತಮುತ್ತ ಒಳ್ಳೆಯ ಅಭಿಪ್ರಾಯವಿದೆ.

ಈ ಸಲ ಹಲಗೆಯ ಮೇಲೆ ಇದ್ದದ್ದು ಒಂದೇ ಹೆಸರು: ಮುನಿಶಾಮಮ್ಮ, ಚಿಕ್ಕಮನೆ. ಎರಡು ಸೀಮೆಹಸು ಕಟ್ಟಿಕೊಂಡು, ಒಂದಿಷ್ಟು ಹಿಪ್ಪುನೇರಳೆ ಬೆಳೆದುಕೊಂಡು, ಗಂಡ ಟೊಮ್ಯಾಟೊ ಲಾರಿಯ ಹಿಂದೆ ಮಂಡಿಯಿಂದ ಮಂಡಿಗೆ ಅಲೆಯುತ್ತಿರುವಾಗ ಸಂಸಾರ ತೂಗಿಸುತ್ತಿದ್ದ ಹೆಂಗಸು. ಹಾಲಿರಲಿ, ಮಜ್ಜಿಗೆಗೆ ನೀರು ಹಾಕುವಾಗಲೂ ಒಂದು ಸಲ ಯೋಚಿಸುವವಳು ಎಂದು ಊರು ಅವಳ ಬಗ್ಗೆ ಹೇಳುತ್ತಿತ್ತು. ಈಗ ಅದೇ ಊರು ಅದೇ ಬಾಯಲ್ಲಿ, “ನೋಡಕ್ಕೆ ಮಾತ್ರ ಹಂಗವ್ಳೆ” ಎನ್ನುತ್ತಿತ್ತು. ಪರೀಕ್ಷೆಯ ಮಿಷನ್ನೇ ಹೇಳಿದ ಮೇಲೆ ಊರು ಏನು ಮಾಡೀತು? ಭಾನುವಾರದ ಸಭೆಯಲ್ಲಿ ಅವಳ ಸದಸ್ಯತ್ವ ತೆಗೆದು, ಹಾಲು ಹಾಕಿಸಿಕೊಳ್ಳುವುದನ್ನು ನಿಲ್ಲಿಸುವುದು ಎಂದು ಮಾತಾಗಿತ್ತು. ಗೌನಿಪಲ್ಲಿ ದಾರಿಯಲ್ಲಿ ಇನ್ನೊಂದು ಡೇರಿ ಇದೆ, ನಿಜ. ಆದರೆ ಅಲ್ಲಿಗೆ ಅವಳ ಹಾಲಿಗಿಂತ ಮುಂಚೆ ಅವಳ ಸುದ್ದಿ ಮುಟ್ಟಿತ್ತು.

ಆಗ ಮುನಿಶಾಮಮ್ಮ ಆ ಊರಿನಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಮಿಷನ್ನಿನ ಪಕ್ಕದ ಕಂಪ್ಯೂಟರಿಗೆ ಅಂಟಿಸಿದ್ದ ಚೀಟಿಯಲ್ಲಿ ‘ದೂರುಗಳಿಗೆ ಸಂಪರ್ಕಿಸಿ’ ಎಂದು ಇದ್ದ ನಂಬರಿಗೆ ನಿಜವಾಗಿಯೂ ಫೋನು ಮಾಡಿದಳು.

“ಅಲೋ, ನಿಮ್ಮ ಮಿಷನ್ನು ಸುಳ್ಳು ಹೇಳ್ತೈತೆ.”

“ಯಾವ ಡೇರಿ ಅಮ್ಮಾ?”

“ಯಾವ ಡೇರಿ ಆದ್ರೇನಮ್ಮಾ, ಸುಳ್ಳು ಸುಳ್ಳೇ ತಾನೆ?”

ಆ ಕಡೆ ಫೋನು ಹಿಡಿದಿದ್ದವಳು ದಿವ್ಯ. ಮಾಲೂರಿನಲ್ಲಿ ಒಂದು ಹೆಂಚಿನ ಅಂಗಡಿಯ ಮಹಡಿಯ ಮೇಲೆ ಅವಳ ಆಫೀಸು. ಡೇರಿಗಳಿಗೆ ಬೇಕಾದ ಡೇಟಾಬೇಸ್ ಸಾಫ್ಟ್‌ವೇರ್ ಮಾಡಿ ಮಾರುವುದು ಅಲ್ಲಿಯ ಕಸುಬು. ಯಾರ ಹಾಲು, ಎಷ್ಟು ಲೀಟರು, ಎಷ್ಟು ಕೊಬ್ಬು, ಎಷ್ಟು ನೀರು ಎಂದು ಮಿಷನ್ನು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಸಾಫ್ಟ್‌ವೇರು. ಮಾಲೀಕ ಕದಿರೇಶ್ ಅದನ್ನು ಬಹಳ ಹಿಂದೆ ಒಬ್ಬನೇ ಕೂತು ಬರೆದದ್ದು. ಆ ವಿಷಯವನ್ನು ಅವನು ಬಂದವರಿಗೆಲ್ಲ, ಕೊರಿಯರ್ ತಂದವನಿಗೂ, ಹೇಳುತ್ತಿದ್ದ.

ದಿವ್ಯ ಆಫೀಸಿನಲ್ಲೇ ಸುಳ್ಳುಸುಳ್ಳೇ ಹಾಲು ಹುಯ್ದು ನೋಡಿದಳು. ಅಂದರೆ ಮಿಷನ್ನು ಕಳಿಸುವಂಥ ಅಂಕಿಗಳನ್ನು ತಾನೇ ಕಳಿಸಿದಳು. ಒಳ್ಳೆಯ ಹಾಲಿಗೆ ನೀರು ಸೊನ್ನೆ. ಮತ್ತೆ ಕಳಿಸಿದಳು, ಸೊನ್ನೆ. ಬೇಕೆಂದೇ ತಪ್ಪುತಪ್ಪಾಗಿ ಕಳಿಸಿದಳು. ಸಾಫ್ಟ್‌ವೇರು ಬಹಳ ಮರ್ಯಾದಸ್ಥರ ಹಾಗೆ ನಡೆದುಕೊಂಡಿತು.

“ನೀರು ಹಾಕೋರೆಲ್ಲಾ ಫೋನ್ ಮಾಡ್ತಾರೆ ದಿವ್ಯಾ,” ಎಂದ ಕದಿರೇಶ್. “ಹಾಕದೋರು ಯಾಕೆ ಮಾಡ್ತಾರೆ ಹೇಳು?”

“ಹಾಕದೋರೇ ಅಲ್ವಾ ಸಾರ್ ಮಾಡ್ಬೇಕಾಗಿರೋದು?”

ಕದಿರೇಶ್ ಸ್ವಲ್ಪ ಯೋಚಿಸಿ, ಬಸ್ ಚಾರ್ಜ್ ಕೊಡುವುದಾಗಿ ಹೇಳಿದ.

ಶ್ರೀನಿವಾಸಪುರ ದಾಟಿ, ಮಾವಿನ ತೋಪುಗಳ ನಡುವೆ ಬಸ್ಸು ಮೈಮುರಿದುಕೊಂಡು ಹೋಗಿ ಅವಳನ್ನು ನಲ್ಲಗುಟ್ಲಹಳ್ಳಿಯಲ್ಲಿ ಇಳಿಸಿದಾಗ ಸಂಜೆಯ ಹಾಲಿನ ಹೊತ್ತು. ಡೇರಿಯ ಮುಂದೆ ಜನರ ಸಾಲಿರಲಿಲ್ಲ, ಕ್ಯಾನುಗಳ ಸಾಲಿತ್ತು. ಆ ಊರಿನಲ್ಲಿ ಜನ ಸಾಲಿನಲ್ಲಿ ನಿಲ್ಲುವುದಿಲ್ಲ. ಕ್ಯಾನು ನಿಲ್ಲಿಸಿ, ಅರಳಿಕಟ್ಟೆಯ ಮೇಲೆ ಕೂತು ಹರಟುತ್ತಾರೆ. ಕ್ಯಾನು ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಅಣ್ಣನ ಕ್ಯಾನಿನ ಹಿಂದೆ ತಮ್ಮನದು, ತಮ್ಮನದರ ಹಿಂದೆ ಅವನ ತಮ್ಮನದು. ಮನೆಗಳು ಭಾಗವಾಗಿ, ಒಲೆ ಬೇರೆಯಾಗಿ, ಕೋರ್ಟಿನವರೆಗೆ ಹೋಗಿ ಬಂದವರೂ ಕ್ಯಾನು ಮಾತ್ರ ಹುಟ್ಟಿದ ಕ್ರಮದಲ್ಲೇ ಇಡುತ್ತಾರೆ. ಹೀಗಾಗಿ ಎಲ್ಲರಿಗಿಂತ ಮುಂದೆ ಇರುತ್ತಿದ್ದದ್ದು ದೊಡ್ಡಮನೆಯ ಚನ್ನರಾಯಪ್ಪನವರ ಕ್ಯಾನು. ಅವರು ಡೇರಿಯ ಅಧ್ಯಕ್ಷರೂ ಹೌದು. ಅದರ ಹಿಂದೆ, ದಿನವೂ, ಎರಡು ಹೊತ್ತೂ, ಅವರ ತಮ್ಮನ ಹೆಂಡತಿ ಮುನಿಶಾಮಮ್ಮನ ಕ್ಯಾನು.

ದಿವ್ಯ ತನ್ನ ಲ್ಯಾಪ್‌ಟಾಪನ್ನು ಡೇರಿಯ ಕಂಪ್ಯೂಟರಿಗೆ ಜೋಡಿಸಿಕೊಂಡು ಕೂತಳು. ಮುನಿಶಾಮಮ್ಮನ ಹಾಲು ಬಂತು. ನೀರು: ಸೊನ್ನೆ. ಮಾರನೆಯ ದಿನ ಬೆಳಿಗ್ಗೆ ಮತ್ತೆ ಬಂದು ಜೋಡಿಸಿಕೊಂಡು ಕೂತಳು. ಸೊನ್ನೆ.

ಗೋಪಿಗೆ ಬಹಳ ಸಂತೋಷವಾಯಿತು. “ನೀವು ಬಂದು ಕೂತ್ರೆ ಸಾಕು ಮೇಡಂ, ನೀರು ಬತ್ತೋಗ್ತದೆ. ನಮ್ಮ ಕೆರೆ ಕಡೆ ಮಾತ್ರ ಹೋಗ್ಬೇಡ್ರಪ್ಪಾ.”

ಕಟ್ಟೆಯ ಮೇಲಿದ್ದವರು ನಕ್ಕರು. ಅವರಲ್ಲೊಬ್ಬ, “ಮೇಡಂ ಬಂದವ್ರೆ ಅಂತ ಇವತ್ತು ಹಾಕಿಲ್ಲ, ಅಷ್ಟೇ,” ಎಂದ. ಇನ್ನೊಬ್ಬ, “ನೋಡಿದ್ರಾ, ಹಾಕದೆ ಇರಕ್ಕೂ ಬತ್ತದೆ ಅವ್ಳಿಗೆ,” ಎಂದ. ಮುನಿಶಾಮಮ್ಮ ಖಾಲಿ ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ಹೋದಳು. ಸಹಾಯಕ್ಕೆಂದು ಕರೆಸಿಕೊಂಡ ಹುಡುಗಿಯಿಂದಾಗಿ ಅವಳ ಮೇಲೆ ಹೊಸದೊಂದು ಸಾಕ್ಷಿ ಬಂದಿತ್ತು.

ದಿವ್ಯ ಲ್ಯಾಪ್‌ಟಾಪು ಬಿಚ್ಚಿದಳು. ಅಂದು ಸಂಜೆ ಕಂಪ್ಯೂಟರು ಮುನಿಶಾಮಮ್ಮನ ಹಾಲಿನಲ್ಲಿ ನೂರಕ್ಕೆ ಒಂಬತ್ತು ಪಾಲು ನೀರಿದೆ ಎಂದಿತು. ಮರುದಿನ ಬೆಳಿಗ್ಗೆ ತಿರುಗಿ ಜೋಡಿಸಿದರೆ ಸೊನ್ನೆ. ಸಂಜೆ ಬಿಚ್ಚಿದರೆ ನೀರು. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದಾಗಲೆಲ್ಲ ಈ ಸಾಫ್ಟ್‌ವೇರು ಪಂಚೆ ಸರಿಮಾಡಿಕೊಂಡು ಕೂರುತ್ತದೆ ಎಂಬುದು ಅವಳಿಗೆ ಅರ್ಥವಾಯಿತು. ಏಕೆ ಎಂಬುದು ಆಗಲಿಲ್ಲ.

ಶುಕ್ರವಾರ ಅವಳು ಏನನ್ನೂ ಜೋಡಿಸಲಿಲ್ಲ. ಗೋಪಿಯ ಬೆನ್ನ ಹಿಂದಿನ ಕಿಟಕಿಗೆ ಒರಗಿಕೊಂಡು ಸುಮ್ಮನೆ ಪರದೆ ನೋಡುತ್ತ ನಿಂತಳು. ಮೊದಲು ಚನ್ನರಾಯಪ್ಪನವರ ಹಾಲು. ಮಿಷನ್ನು ಗೊರ್ರೆಂದಿತು. ಅಂಕಿ ಬರುವ ಹೊತ್ತಿಗೆ ಸರಿಯಾಗಿ ಗೋಪಿ ಎಡಗೈ ಎತ್ತಿ, ಸೆಕೆಗೆ ಗಾಳಿ ಹಾಕಿಕೊಳ್ಳುವವನ ಹಾಗೆ, ಪರದೆಗೆ ಅಂಗೈ ಅಡ್ಡ ಹಿಡಿದ. ಬಲಗೈಯಲ್ಲಿ ತಾನೇ ಅಂಕಿಗಳನ್ನು ಒತ್ತಿದ. ಅಧ್ಯಕ್ಷರ ಹಾಲಿಗೆ ಅವನು ದಿನವೂ ಕೈಯಿಂದಲೇ ಒತ್ತುತ್ತಿದ್ದದ್ದು. ಮಿಷನ್ನು ಹೇಳುವುದನ್ನು ನೋಡದೆ ಒತ್ತುವುದು ಅವನಿಗೆ ಅಭ್ಯಾಸವಾಗಿತ್ತು. ಹಾಗೆ ನೋಡದಿರುವುದೇ ಅವನ ಕೆಲಸದ ಮುಖ್ಯ ಭಾಗವೂ ಆಗಿತ್ತು. ಆದರೆ ಕಿಟಕಿಯ ಕಡೆಯಿಂದ ಬೆರಳುಗಳ ಸಂದಿಯಲ್ಲಿ ದಿವ್ಯಳಿಗೆ ಕಂಡಿತು: ನೀರು, ಹನ್ನೊಂದು. ಗೋಪಿ ಒತ್ತಿದ ಮೇಲೆ: ನೀರು, ಸೊನ್ನೆ. ಮುಂದಿನ ಕ್ಯಾನು ಮುನಿಶಾಮಮ್ಮನದು. ನೀರು, ಹನ್ನೊಂದು.

ಏಕೆ ಎಂಬುದೂ ಈಗ ಅವಳಿಗೆ ಅರ್ಥವಾಯಿತು.

ವಿಷಯ ಇಷ್ಟೇ. ಹಾಲಿನಲ್ಲಿ ನೀರಿದ್ದರೆ ಮಿಷನ್ನು ಎಷ್ಟಿದೆ ಎಂದು ಹೇಳುತ್ತದೆ. ಇಲ್ಲದಿದ್ದರೆ ನೀರಿನ ಮಾತೇ ಎತ್ತುವುದಿಲ್ಲ. ಮಿಷನ್ನು ಹೇಳುವ ಅಂಕಿಯನ್ನು ಹಿಡಿದಿಟ್ಟುಕೊಳ್ಳಲು ಸಾಫ್ಟ್‌ವೇರು ಕಂಪ್ಯೂಟರಿನ ನೆನಪಿನಲ್ಲಿ ಒಂದು ಜಾಗ ಮಾಡಿಕೊಂಡಿರುತ್ತದೆ. ಪ್ರತಿ ಕ್ಯಾನಿಗೂ ಮುಂಚೆ ಆ ಜಾಗವನ್ನು ಒರೆಸಬೇಕು. ಕದಿರೇಶ್ ಬರೆಯುವಾಗ ಒರೆಸುವುದನ್ನು ಮರೆತಿದ್ದ. ಹೀಗಾಗಿ ಒಳ್ಳೆಯ ಹಾಲು ಬಂದು ಮಿಷನ್ನು ಸುಮ್ಮನಿದ್ದಾಗ, ಆ ಜಾಗದಲ್ಲಿ ಮೊದಲ ಕ್ಯಾನಿನ ಅಂಕಿ ಹಾಗೇ ಕೂತಿರುತ್ತಿತ್ತು. ಡೇಟಾಬೇಸು ಅದನ್ನೇ ನಂಬಿ ಬರೆದುಕೊಳ್ಳುತ್ತಿತ್ತು. ಲ್ಯಾಪ್‌ಟಾಪು ಜೋಡಿಸಿದರೆ ಕಂಪ್ಯೂಟರು ಪರೀಕ್ಷೆಯ ಪದ್ಧತಿಗೆ ತಿರುಗಿ, ಎಲ್ಲ ಜಾಗವನ್ನೂ ಮೊದಲೇ ತೊಳೆದು ಕೊಡುತ್ತಿತ್ತು. ಅದಕ್ಕೇ ಸೊನ್ನೆ. ಗೋಪಿ ಕೈಯಿಂದ ಒತ್ತಿದ ಸೊನ್ನೆ ಅಧ್ಯಕ್ಷರ ಹೆಸರಿನ ಮುಂದೆ ಹೋಗುತ್ತಿತ್ತೇ ಹೊರತು ಆ ಜಾಗಕ್ಕಲ್ಲ. ಡೇಟಾಬೇಸಿಗೆ ಹೋದ ಅಂಕಿ ಆ ಜಾಗವನ್ನು ಖಾಲಿ ಮಾಡಿಯೇ ಹೋಗುತ್ತಿದ್ದುದರಿಂದ, ಮೂರನೆಯ ಕ್ಯಾನಿಗೆ ಏನೂ ಉಳಿಯುತ್ತಿರಲಿಲ್ಲ. ಹಲಗೆಗೆ ಹೆದರಿ ಊರಿನಲ್ಲಿ ಉಳಿದವರು ನೀರು ಹಾಕುವುದನ್ನು ಬಿಟ್ಟಿದ್ದರು. ಹಲಗೆಗೆ ಹೆದರಬೇಕಾಗಿಲ್ಲದ ಮನೆ ಒಂದೇ. ಅದರ ನೀರು ಬೇರೆಲ್ಲೂ ಹೋಗದೆ ಹಿಂದಿದ್ದ ಕ್ಯಾನಿಗೆ ಇಳಿಯುತ್ತಿತ್ತು.

ಅವಳು ಓಡಿಹೋಗಿ ಮುನಿಶಾಮಮ್ಮನನ್ನು ಕೊಟ್ಟಿಗೆಯ ಹತ್ತಿರ ಹಿಡಿದಳು. ಎಲ್ಲವನ್ನೂ ಹೇಳಿದಳು. ಮುನಿಶಾಮಮ್ಮ ಹಸುವಿನ ಮುಂದೆ ಮೇವು ಹಾಕುತ್ತ ಕೇಳಿದಳು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

“ಅಮ್ಮಾ, ನಾಳೆ ಒಂದು ದಿನ ನಿಮ್ಮ ಕ್ಯಾನು ಅವ್ರದಕ್ಕಿಂತ ಮುಂದೆ ಇಡಿ. ಎಲ್ರ ಎದುರಿಗೇ ಸೊನ್ನೆ ಬರತ್ತೆ.”

“ದೊಡ್ಡಮನೆ ಕ್ಯಾನಿಗಿಂತ ಮುಂದಾ?” ಮುನಿಶಾಮಮ್ಮ ಹಸುವಿನ ಕಡೆ ತಿರುಗಿದಳು, ಈ ಮಾತು ಕೇಳಿಸಿಕೊಂಡೆಯಾ ಎನ್ನುವ ಹಾಗೆ. “ನಮ್ಮ ಹಿಪ್ಪುನೇರ್ಳೆಗೆ ನೀರು ಬರೋದು ಬಾವ್ನೋರ ಬೋರಿಂದ, ಅಮ್ಮಾಯಿ. ಈ ಹಸುಗಳು ಕುಡಿಯೋದೂ ಅದೇ.”

“ಸರಿ, ಮುಂದೆ ಬೇಡ. ಹಿಂದೆ ಇಡಿ. ಸಾಲಿನ ಕೊನೇಲಿ.”

“ಕೊನೇಲಿಟ್ರೆ ಮನೆ ಒಡೀತು ಅಂತಾರೆ.”

“ಒಡೆದಿಲ್ವಾ?”

“ಒಡೆದು ಎಷ್ಟೋ ವರ್ಷ ಆಯ್ತು. ಅಂತಾರೆ ಅನ್ನೋದು ಬೇರೆ ಅಲ್ವಾ?”

ಹಸು ಮೇವಿನ ನಡುವೆ ತಲೆ ಎತ್ತಿ ದಿವ್ಯಳನ್ನೇ ನೋಡಿತು.

“ನೀನು ಹೆಂಗಾದ್ರೂ ಆ ಮಿಷನ್ನಿಗೇ ಹೇಳ್ಸು ಅಮ್ಮಾಯಿ,” ಎಂದಳು ಮುನಿಶಾಮಮ್ಮ. “ಯಾರ ಹೆಸ್ರೂ ಬರದಂಗೆ. ನನ್ನ ಹೆಸ್ರು ಹಲಗೆಯಿಂದ ಹೋದ್ರೆ ಸಾಕು.”

ಮಾಲೂರಿಗೆ ಹಿಂತಿರುಗಿ ದಿವ್ಯ ತಪ್ಪನ್ನು ಸರಿಮಾಡಿದಳು. ಒಂದೇ ಒಂದು ಸಾಲು: ಅಂಕಿ ಇಡುವ ಮುಂಚೆ ಜಾಗ ಒರೆಸು. ಬರೆಯುವುದಕ್ಕೆ ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಕದಿರೇಶ್ ಅವಳ ಹಿಂದೆ ನಿಂತು ಆ ಸಾಲನ್ನು ಓದಿ, ತನ್ನ ಹಳೆಯ ಸಾಲುಗಳನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡ.

“ಹೊಸದನ್ನ ಎಲ್ಲಾ ಡೇರಿಗೂ ಕಳಿಸು. ಏನು ಬದಲಾಗಿದೆ ಅಂತ ಕೇಳಿದ್ರೆ, ಸಣ್ಣಪುಟ್ಟ ಸುಧಾರಣೆ ಅನ್ನು.”

“ಸಾರ್, ಮುನಿಶಾಮಮ್ಮನ ಹಾಲಲ್ಲಿ ನೀರಿರ್ಲಿಲ್ಲ, ತಪ್ಪು ನಮ್ಮದು ಅಂತ ಒಂದು ಪತ್ರ ಕೊಡಿ.”

“ಇರ್ಲಿಲ್ಲ ಅಂತ ನಿಂಗೆ ಹೆಂಗೆ ಗೊತ್ತು?”

“ನಾನೇ ನೋಡ್ದೆ. ಹನ್ನೊಂದು ಅಂದ್ರೆ ಹನ್ನೊಂದು.”

“ಶುಕ್ರವಾರದ್ದು ನೋಡ್ದೆ. ಅದಕ್ಕೆ ಮುಂಚಿನದ್ದು? ಹಿಂದಿನ ತಿಂಗಳದ್ದು? ಡೇಟಾಬೇಸಲ್ಲಿ ಕೂತಿರೋ ಅಂಕಿಗಳಲ್ಲಿ ಯಾವ್ದು ಮಿಷನ್ ಹೇಳಿದ್ದು, ಯಾವ್ದು ಹಂಗೇ ಉಳ್ಕೊಂಡಿದ್ದು ಅಂತ ವಿಂಗಡಿಸಿ ಕೊಡ್ತೀಯಾ?”

ವಿಂಗಡಿಸುವ ದಾರಿ ಇರಲಿಲ್ಲ. ನಿಜವಾದ ಹನ್ನೊಂದಕ್ಕೂ ಉಳಿದುಹೋದ ಹನ್ನೊಂದಕ್ಕೂ ಮುಖದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಒಮ್ಮೆ ಬರೆದುಕೊಂಡ ಮೇಲೆ ಡೇಟಾಬೇಸಿಗೆ ಎರಡೂ ಒಂದೇ.

“ಅಷ್ಟೂ ಡೇರೀಲಿ ನೀರು ಹಾಕಿ ಸಿಕ್ಕಿಬಿದ್ದಿರೋರೆಲ್ಲಾ ನಾಳೆ ಆ ಪತ್ರ ಹಿಡ್ಕೊಂಡು ಈ ಮೆಟ್ಲು ಹತ್ತಿ ಬರ್ತಾರೆ,” ಎಂದ ಕದಿರೇಶ್. “ಹೆಂಚಿನಂಗಡಿಯೋನು ನಮ್ಮನ್ನ ಖಾಲಿ ಮಾಡಿಸ್ತಾನೆ. ನೀನು ಭಾನುವಾರ ಹೋಗು, ಹೊಸದನ್ನ ಹಾಕು, ಬಾ.” ಆಮೇಲೆ ಮೆತ್ತಗೆ ಸೇರಿಸಿದ: “ಆಗಿನ ಕಾಲದಲ್ಲಿ ಎಲ್ರೂ ಹಂಗೇ ಬರೀತಿದ್ವಿ ಕಣಮ್ಮಾ.”

ಭಾನುವಾರ ಡೇರಿಯ ಜಗುಲಿಯ ಮೇಲೆ ಸಭೆ ಸೇರಿತ್ತು. ಚನ್ನರಾಯಪ್ಪನವರು ಕುರ್ಚಿಯಲ್ಲಿ, ಉಳಿದವರು ಚಾಪೆಯ ಮೇಲೆ, ಹೆಂಗಸರು ಕಂಬದಾಚೆ. ಮುನಿಶಾಮಮ್ಮ ಕಂಬಕ್ಕೆ ಮರೆಯಾಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಿದ್ದಳು. ಭಾವನ ಎದುರಿಗೆ ಅವಳು ಹಾಗೇ ಕೂರುವುದು. ಗೋಪಿ ಮೊದಲಿಗೆ, ಚಿಕ್ಕಮನೆ ಮುನಿಶಾಮಮ್ಮನವರ ಸದಸ್ಯತ್ವದ ವಿಚಾರ ಎಂದು ಓದಿದ.

ದಿವ್ಯ ಎದ್ದು ನಿಂತಳು. ಪತ್ರವಿರಲಿಲ್ಲ, ಬಾಯಿತ್ತು. ಯಾರ ಹೆಸರೂ ಹೇಳದೆ, ಇರುವುದನ್ನು ಇರುವ ಹಾಗೆ ಹೇಳಿದಳು. ತಪ್ಪು ಕಂಪ್ಯೂಟರಿನದು. ಒಳ್ಳೆಯ ಹಾಲಿಗೆ ಅದು ಹೊಸ ಅಂಕಿ ಬರೆಯುವುದಿಲ್ಲ. ಮುಂಚೆ ಬಂದ ಕ್ಯಾನಿನ ಅಂಕಿಯನ್ನೇ ಬರೆದುಬಿಡುತ್ತದೆ. ಮುನಿಶಾಮಮ್ಮನ ಹೆಸರಿನಲ್ಲಿ ಇರುವ ನೀರು ಮುನಿಶಾಮಮ್ಮನದಲ್ಲ.

ಇಷ್ಟು ಕಷ್ಟದ ವಿಷಯ ಹಳ್ಳಿಯವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಅವಳು ದಾರಿಯುದ್ದಕ್ಕೂ ಚಿಂತಿಸಿದ್ದಳು. ಚಿಂತೆ ಅನಾವಶ್ಯಕವಾಗಿತ್ತು. ಎಲ್ಲರಿಗೂ ತಕ್ಷಣ, ಸಂಪೂರ್ಣವಾಗಿ ಅರ್ಥವಾಯಿತು. ಹಾಗಾಗಿ ಯಾರೂ ಮಾತಾಡಲಿಲ್ಲ. ಕೆಲವರು ಸೂರಿನ ಕಡೆ ನೋಡಿದರು, ಕೆಲವರು ತಮ್ಮ ಕಾಲಿನ ಹೆಬ್ಬೆರಳನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. ಗೋಪಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

ಕಿವಿ ಸ್ವಲ್ಪ ಮಂದವಾಗಿದ್ದ ಬಚ್ಚಮ್ಮ ಎಂಬ ಮುದುಕಿ ಮಾತ್ರ ಪಕ್ಕದವಳನ್ನು ಮೆಲ್ಲಗೆ ಕೇಳಿದೆ ಎಂದುಕೊಂಡು, ಇಡೀ ಜಗುಲಿಗೆ ಕೇಳಿಸುವ ಹಾಗೆ ಕೇಳಿದಳು: “ಏನೇ, ಈ ಯಮ್ಮನ ಮುಂದೆ ಕ್ಯಾನಿಡೋರು ಯಾರೇ?”

“ಸುಮ್ನಿರು ಅತ್ತೇ.”

“ಸುಮ್ನೇ ತಾನೆ ಕೇಳಿದ್ದು!”

ಚನ್ನರಾಯಪ್ಪನವರು ಹೆಗಲ ಮೇಲಿನ ಟವಲನ್ನು ಎಡದಿಂದ ಬಲಕ್ಕೆ ಹಾಕಿಕೊಂಡರು. ದನಿ ಏರಿಸದೆ, ದಿವ್ಯಳ ಕಡೆ ತಿರುಗಿ ಕೇಳಿದರು: “ಹೇಳಮ್ಮಾ. ಆ ನೀರು ಯಾರ್ದು ಅಂತೀಯ?”

ದಿವ್ಯ ಉತ್ತರಕ್ಕೆ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಕಂಬದಾಚೆಯಿಂದ ಮುನಿಶಾಮಮ್ಮ ಎದ್ದಳು. ಭಾವನನ್ನಾಗಲಿ ಸಭೆಯನ್ನಾಗಲಿ ನೋಡದೆ, ಕಂಬಕ್ಕೆ ಹೇಳುವ ಹಾಗೆ ಹೇಳಿದಳು.

“ಆ ಅಮ್ಮಾಯಿಗೆ ನಮ್ಮೂರ ವಿಷ್ಯ ಏನು ಗೊತ್ತು. ಕ್ಯಾನು ತೊಳೆದು ಬೋರ್ಲು ಹಾಕ್ದೆ ಹಂಗೇ ಹಾಲು ಹುಯ್ದುಬಿಟ್ಟಿದೀನಿ ನಾನು. ತಳದಲ್ಲಿ ನೀರು ನಿಂತಿರ್ತಿತ್ತೇನೋ. ಬೇಕಂತ ಮಾಡಿದ್ದಲ್ಲ. ತಪ್ಪಾಯ್ತು.”

ಜಗುಲಿಯ ಮೇಲೆ ಇಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಎಲ್ಲರೂ ಒಟ್ಟಿಗೆ ಬಿಟ್ಟರು.

“ಅದೇ ನಾನೂ ಅಂದ್ಕೊಂಡೆ,” ಎಂದ ಒಬ್ಬ.

“ತಳದಲ್ಲಿ ನಿಲ್ತದೆ, ನಿಲ್ಲಲ್ಲ ಅಂತಲ್ಲ,” ಎಂದ ಇನ್ನೊಬ್ಬ. “ನಮ್ಮನೇಲೂ ಹಂಗೇ ಆಗೋದು.”

ಹನ್ನೊಂದು ಪಾಲು ನೀರು ತಳದಲ್ಲಿ ನಿಲ್ಲಬೇಕಾದರೆ ಆ ಕ್ಯಾನಿನಲ್ಲಿ ಮೀನು ಸಾಕಬಹುದಿತ್ತು. ಅದನ್ನು ಯಾರೂ ಹೇಳಲಿಲ್ಲ.

ಚನ್ನರಾಯಪ್ಪನವರ ಮುಖ ಕರಗಿತು. ಅವರು ಕೆಟ್ಟ ಮನುಷ್ಯರಲ್ಲ. ಇಂಥ ಹೊತ್ತಿನಲ್ಲಿ ಅವರು ನಿಜವಾಗಿಯೂ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. “ನಮ್ಮ ಮನೆ ಹೆಣ್ಣುಮಗಳು,” ಎಂದರು. “ಇಷ್ಟು ಜನರ ಎದುರಿಗೆ ಎದ್ದು ನಿಂತು ಒಪ್ಕೊಂಡವ್ಳೆ. ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕಾಗ್ತದೆ. ಈ ಒಂದು ಸಲ ಕ್ಷಮಿಸಿಬಿಡೋಣ ಅಂತೀನಿ. ಏನಂತೀರಪ್ಪಾ?”

ಎಲ್ಲರೂ ಕ್ಷಮಿಸಿದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಸದಸ್ಯತ್ವ ಉಳಿಯಿತು. ಹಲಗೆಯ ಮೇಲಿನ ಹೆಸರು ಯುಗಾದಿಯವರೆಗೆ ಇರಲಿ, ಬೇರೆಯವರಿಗೆ ಎಚ್ಚರಿಕೆಯಾಗುತ್ತದೆ ಎಂದು ಯಾರೋ ಸೂಚಿಸಿದರು. ಅದಕ್ಕೂ ಒಪ್ಪಿಗೆಯಾಯಿತು. ದಿವ್ಯ ಇನ್ನೂ ನಿಂತೇ ಇದ್ದಳು. ಗೋಪಿ ಅವಳ ಹತ್ತಿರ ಬಂದು, “ಟೀ ತಗೊಳ್ಳಿ ಮೇಡಂ. ಆಮೇಲೆ ಆ ಹೊಸ ಸಾಫ್ಟ್‌ವೇರ್ ಹಾಕ್ಬಿಡಿ, ಸಂಜೆ ಹಾಲಿನ ಹೊತ್ತಾಯ್ತು,” ಎಂದ.

ಹಾಕಿದಳು. ಬೇರೇನು ಮಾಡಬಹುದಿತ್ತು? ಕ್ಯಾನುಗಳು ಸಾಲಾಗಿ ಬಂದು ಕೂತವು. ಚನ್ನರಾಯಪ್ಪನವರ ಹಾಲಿಗೆ ಗೋಪಿಯ ಅಂಗೈ ಎದ್ದಿತು, ಬಿತ್ತು. ಆಮೇಲೆ ಮುನಿಶಾಮಮ್ಮನ ಹಾಲು. ಲ್ಯಾಪ್‌ಟಾಪು ಚೀಲದೊಳಗೇ ಇತ್ತು. ಮಿಷನ್ನು ಗೊರ್ರೆಂದು ಸುಮ್ಮನಾಯಿತು.

“ಸೊನ್ನೆ!” ಎಂದು ಗೋಪಿ ಕೂಗಿದ, ತನ್ನದೇ ಮಗುವಿಗೆ ರ‍್ಯಾಂಕು ಬಂದ ಹಾಗೆ.

ಕಟ್ಟೆಯ ಮೇಲಿದ್ದವರು ಕತ್ತು ಚಾಚಿ ನೋಡಿದರು. “ಏಮ್ರಾ, ನೋಡಿದ್ಯಾ?” ಎಂದ ಒಬ್ಬ. “ಸಭೇಲಿ ಬುದ್ಧಿ ಹೇಳಿದ್ದು ಇವತ್ತು, ಸೊನ್ನೆ ಬಂದಿದ್ದು ಇವತ್ತು.”

“ಹೆದರಿಕೆ ಇರ್ಬೇಕಪ್ಪಾ. ಹಾಕ್ಬೇಡ ಅಂದಿದ್ದಕ್ಕೆ ನಿಲ್ಸಿದ್ಲು.”

“ನಿಲ್ಸಿದ್ಲಲ್ಲ, ಅದು ದೊಡ್ಡದು.”

ದಿವ್ಯ ಅವರ ಕಡೆ ಎರಡು ಹೆಜ್ಜೆ ಇಟ್ಟಳು. ಇದು ಅವಳು ನಿಲ್ಲಿಸಿದ್ದರಿಂದ ಬಂದ ಸೊನ್ನೆಯಲ್ಲ, ತಾನು ಒರೆಸಿದ್ದರಿಂದ ಬಂದ ಸೊನ್ನೆ, ಇಷ್ಟು ದಿನವೂ ಬರಬೇಕಾಗಿದ್ದದ್ದು ಇದೇ, ಎಂದು ಹೇಳಲು ಹೊರಟಳು. ಹೇಳಿದರೆ ಮುದುಕಿಯ ಪ್ರಶ್ನೆ ಮತ್ತೆ ಎದ್ದು ಕೂರುತ್ತದೆ. ಅದರ ಉತ್ತರದಿಂದ ಯಾರ ಹೊಲದ ನೀರು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಹೆಜ್ಜೆ ಹಿಂದಕ್ಕೆ ತೆಗೆದಳು.

ಮುನಿಶಾಮಮ್ಮ ಖಾಲಿ ಕ್ಯಾನು ಹಿಡಿದು ಅವಳ ಹತ್ತಿರ ಬಂದಳು. ಬಸ್ಸು ನಿಲ್ಲುವ ಜಾಗದವರೆಗೆ ಇಬ್ಬರೂ ನಡೆದರು.

“ಬೇಜಾರು ಮಾಡ್ಕೋಬೇಡ ಅಮ್ಮಾಯಿ,” ಎಂದಳು ಮುನಿಶಾಮಮ್ಮ. “ನೀನು ಹೇಳಿದ್ದು ನಿಜ ಅಂತ ಎಲ್ರಿಗೂ ಗೊತ್ತು.”

“ಗೊತ್ತಿದ್ದು ಏನು ಬಂತಮ್ಮಾ?”

ಮುನಿಶಾಮಮ್ಮ ಬೇರೇನನ್ನೋ ಯೋಚಿಸುತ್ತಿದ್ದಳು.

“ಇನ್ಮೇಲೆ ನಂಗೆ ಸೊನ್ನೇನೇ ಬತ್ತದಾ?”

“ಹೂಂ. ಇನ್ಮೇಲೆ ಯಾವತ್ತೂ ಸೊನ್ನೇನೇ.”

“ದಿನಾನಾ?”

“ದಿನಾನೂ.”

ಮುನಿಶಾಮಮ್ಮ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. “ದಿನಾ ಸೊನ್ನೆ ಬಂದ್ರೆ, ಮುಂಚೆ ನಾನೇ ಹಾಕ್ತಿದ್ದೆ, ಈಗ ಬಿಟ್ಟೆ ಅಂತ ಖಾಯಂ ಆಗೋಯ್ತದಲ್ಲಾ,” ಎಂದಳು. ಆಮೇಲೆ, ಕೇಳಬಾರದ್ದನ್ನು ಕೇಳುವವಳ ಹಾಗೆ ದನಿ ಇಳಿಸಿದಳು. “ಮಧ್ಯೆ ಮಧ್ಯೆ ಒಂದೊಂದು ದಿನ, ಮುಂಚಿನ ಥರಾನೇ ಬರೋ ಹಂಗೆ ಮಾಡಕ್ಕಾಗಲ್ವಾ?”

ದೂರದಲ್ಲಿ ಬಸ್ಸು ತಿರುವಿನಲ್ಲಿ ಹಾರ್ನು ಹೊಡೆಯಿತು.

“ಆಗಲ್ಲಮ್ಮಾ,” ಎಂದಳು ದಿವ್ಯ. “ಸರಿ ಮಾಡ್ಬಿಟ್ಟಿದ್ದೀನಿ.”